ಕೋಣಗಳ ಮುಂದೆ ಓಡಿದವರು

ಕನ್ನಡದ ಪತ್ರಿಕೆಗಳಲ್ಲಿ ಮುಖವಾಡಕ್ಕೆ ಒಂದೇ ಕೆಲಸ: ಕಳಚಿ ಬೀಳುವುದು. ರಾಜಕಾರಣಿಯ ಮುಖವಾಡ ಕಳಚುತ್ತದೆ, ಸ್ವಾಮೀಜಿಯದು ಕಳಚುತ್ತದೆ, ಈಚೆಗೆ ಸಾಹಿತಿಗಳದ್ದೂ. ಕಳಚಿದ ಕೂಡಲೇ ಕೆಳಗೆ ಇನ್ನೊಂದು ಮುಖ ಸಿಗುತ್ತದೆ, ಅದೇ ಅಸಲಿ ಎಂದು ನಾವು ಹೆಚ್ಚು ಯೋಚಿಸದೆ ಒಪ್ಪಿಕೊಳ್ಳುತ್ತೇವೆ. ಕರಾವಳಿಯಲ್ಲಿ ಬೆಳೆದ ನನಗೆ ಈ ರೂಪಕ ಎಂದೂ ಪೂರ್ತಿ ಒಗ್ಗಲಿಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾತು ವೇಷ. ವೇಷವನ್ನು ಹಾಕುತ್ತಾರೆ, ಕಟ್ಟುತ್ತಾರೆ. ವೇಷ ಹೊರಡುತ್ತದೆ, ಮನೆಯಂಗಳಕ್ಕೆ ಬರುತ್ತದೆ. ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ ಎಂಬವು ಹೆಚ್ಚುಕಡಿಮೆ ಹುದ್ದೆಗಳ ಹೆಸರು. ಕಲಾವಿದರೊಬ್ಬರನ್ನು ಹೊಗಳಬೇಕಾದರೆ 'ಒಳ್ಳೇ ವೇಷ' ಎಂದರೆ ಸಾಕು. ವೇಷದ ಒಳಗೆ ಯಾರಿದ್ದಾರೆಂದು ನೋಡುವವರಿಗೆಲ್ಲ ಗೊತ್ತು. ಗೊತ್ತಿದ್ದೇ ಆಟ ನಡೆಯುತ್ತದೆ.

ಹಾಗಿದ್ದ ಮೇಲೆ ಒಳಗೆ ಏನಿದೆ ಎಂಬ ಕುತೂಹಲಕ್ಕೆ ಇಲ್ಲಿ ಅಷ್ಟು ಬೆಲೆಯಿಲ್ಲ. ನಾಲ್ಕು ವರ್ಷದಿಂದ ಪಿಎಚ್.ಡಿ.ಯ ಹೆಸರಿನಲ್ಲಿ ವೇಷಗಳ ಹಿಂದೆ ತಿರುಗುತ್ತಿರುವ ನನ್ನನ್ನು ಕಾಡುವ ಪ್ರಶ್ನೆ ಬೇರೆ. ವೇಷದಲ್ಲಿದ್ದಾಗ ಆಡಿದ ಮಾತಿಗೆ, ಮಾಡಿದ ಕೆಲಸಕ್ಕೆ ಹೊಣೆ ಯಾರು? ಆ ದಿನ ಊರೆಲ್ಲ ನಕ್ಕಿತಲ್ಲ, ಆ ನಗುವಿನ ಖರ್ಚು ಯಾರ ತಲೆಯ ಮೇಲೆ ಬಿತ್ತು?

ನಮ್ಮ ವಿಭಾಗಗಳಲ್ಲಿ ಈ ವಿಷಯ ತೆಗೆದರೆ ಎರಡನೇ ವಾಕ್ಯಕ್ಕೇ ಬಖ್ತಿನ್ ಬರುತ್ತಾನೆ. ಬರಲೇಬೇಕು, ಅವನ ಪುಸ್ತಕ ಅಷ್ಟು ದೊಡ್ಡದು. ಹದಿನಾರನೇ ಶತಮಾನದ ಫ್ರೆಂಚ್ ಲೇಖಕ ರಾಬ್ಲೇಯ ಮೇಲೆ ಬರೆಯುತ್ತ ಮಿಖಾಯಿಲ್ ಬಖ್ತಿನ್ ಯುರೋಪಿನ ಕಾರ್ನಿವಲ್ಲಿಗೆ ಒಂದು ತತ್ವವನ್ನೇ ಕಟ್ಟಿಕೊಟ್ಟ. ಉಪವಾಸದ ನಲವತ್ತು ದಿನಗಳು ಶುರುವಾಗುವ ಮುನ್ನ ಊರು ತಲೆಕೆಳಗಾಗುವ ಆ ದಿನಗಳಲ್ಲಿ ಕೋಡಂಗಿ ರಾಜನಾಗುತ್ತಾನೆ, ಪಾದ್ರಿಯ ಮಂತ್ರ ಅಣಕವಾಗುತ್ತದೆ, ಹೊಟ್ಟೆ ಮತ್ತು ಹೊಟ್ಟೆಯ ಕೆಳಗಿನದು ತಲೆಯನ್ನು ಆಳುತ್ತವೆ. ಬಖ್ತಿನ್ ಹೇಳುವ ಮುಖ್ಯ ಮಾತೆಂದರೆ ಕಾರ್ನಿವಲ್ಲಿನಲ್ಲಿ ರಂಗಮಂಚವಿಲ್ಲ, ಪ್ರೇಕ್ಷಕರಿಲ್ಲ. ಎಲ್ಲರೂ ಒಳಗಿನವರೇ. ನಗುವವರೂ ನಗೆಗೀಡಾಗುವವರೂ ಅವರೇ ಆದ್ದರಿಂದ ಆ ನಗುವಿಗೆ ಅವಮಾನಿಸುವ ಮೊನೆಯಿಲ್ಲ. ಸಾಯಿಸಿ ಮತ್ತೆ ಹುಟ್ಟಿಸುವ ಶಕ್ತಿಯಿದೆ.

ಇದನ್ನು ಬರೆದವನು ಯಾವ ಸ್ಥಿತಿಯಲ್ಲಿದ್ದ ಎಂಬುದನ್ನು ಮರೆಯಬಾರದು. ಸ್ಟಾಲಿನ್ ಕಾಲದಲ್ಲಿ ಬಂಧನವಾಗಿ, ಕಝಕಸ್ತಾನಕ್ಕೆ ಗಡೀಪಾರಾಗಿ, 1938ರಲ್ಲಿ ಒಂದು ಕಾಲನ್ನು ಕಳೆದುಕೊಂಡ ಮನುಷ್ಯ ಅವನು. ಊರೆಲ್ಲ ಭಯದಿಂದ ಬಾಯಿ ಮುಚ್ಚಿಕೊಂಡಿದ್ದಾಗ ಅವನು ಬೀದಿಯಲ್ಲಿ ಬಾಯಿ ತುಂಬ ನಗುವ ಜನರ ಬಗ್ಗೆ ಬರೆದ. ಈ ಗ್ರಂಥ ಮೊದಲು ಅವನ ಡಾಕ್ಟರೇಟ್ ಪ್ರಬಂಧವಾಗಿತ್ತು. 1940ರಲ್ಲಿ ಸಲ್ಲಿಸಿದ, ಯುದ್ಧದಿಂದಾಗಿ ಮೌಖಿಕ ಪರೀಕ್ಷೆ 1946ರಲ್ಲಿ ನಡೆಯಿತು, ಪರೀಕ್ಷಕರು ಜಗಳವಾಡಿದರು, ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಅವನಿಗೆ ಡಾಕ್ಟರೇಟ್ ನಿರಾಕರಿಸಿ ಅದಕ್ಕಿಂತ ಕೆಳಗಿನ ಪದವಿ ಕೊಟ್ಟರು. ಪುಸ್ತಕವಾಗಿ ಬಂದದ್ದು 1965ರಲ್ಲಿ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಬರೆದು ಮಾರ್ಗದರ್ಶಕರ ಸಹಿಗಾಗಿ ಬಾಗಿಲಲ್ಲಿ ನಿಲ್ಲುವ ನಮ್ಮಂಥವರಿಗೆ ಈ ಕಥೆಯಲ್ಲಿ ಸಮಾಧಾನವೂ ಇದೆ, ಸಣ್ಣ ನಡುಕವೂ ಇದೆ.

ನನ್ನ ತಕರಾರು ಬಖ್ತಿನ್ನನ ಮೇಲಲ್ಲ. ಅವನನ್ನು ನಾವು ಬಳಸುವ ರೀತಿಯ ಮೇಲೆ. ಕನ್ನಡದ ಸೆಮಿನಾರುಗಳಲ್ಲಿ ಈಗ ಎಲ್ಲ ಜಾತ್ರೆಯೂ ಕಾರ್ನಿವಲ್, ಎಲ್ಲ ವೇಷವೂ ಪ್ರತಿರೋಧ. ಹೋಳಿಯಲ್ಲಿ ಬೈದರೆ ಕಾರ್ನಿವಲ್, ಭೂತಕೋಲದಲ್ಲಿ ಯಜಮಾನ ಕೈ ಮುಗಿದರೆ ಕಾರ್ನಿವಲ್. ಮಂಗಳೂರು ಉಡುಪಿಗಳ ವೇಷಗಳೊಂದಿಗೆ ಒಂದು ಮಳೆಗಾಲ ಕಳೆದರೆ ಈ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಮೊದಲು ಹುಲಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನನಗೆ ಹುಲಿ ಇಷ್ಟ. ಅಷ್ಟಮಿಗೆ ಉಡುಪಿಯಲ್ಲಿ, ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ಮಂಗಳೂರಿನ ಕಡೆಯಲ್ಲಿ ಹುಲಿವೇಷಗಳು ಹೊರಡುತ್ತವೆ. ಬಣ್ಣ ಹಾಕುವುದೇ ಒಂದು ತಪಸ್ಸು. ಮೈಯ ಕೂದಲೆಲ್ಲ ತೆಗೆಸಿ, ಗಂಟೆಗಟ್ಟಲೆ ಕೈ ಅಗಲಿಸಿ ನಿಲ್ಲಬೇಕು. ಒಂದು ಪದರ ಒಣಗುವವರೆಗೆ ಕೂರುವಂತಿಲ್ಲ, ಒರಗುವಂತಿಲ್ಲ. ಹಿಂದೆ ಗೋಡೆಗೆ ಬಳಿಯುವಂಥ ಎಣ್ಣೆಬಣ್ಣವನ್ನೇ ಬಳಿಯುತ್ತಿದ್ದರು. ತೆಗೆಯುವಾಗ ಸೀಮೆಎಣ್ಣೆ ಹಾಕಿ ಉಜ್ಜಬೇಕಿತ್ತು, ಮೈ ಉರಿಯುತ್ತಿತ್ತು. ಹೊರಡುವ ಮುನ್ನ ಊದು ಹಾಕುವ ಪೂಜೆ. ಲೋಬಾನದ ಹೊಗೆಯ ನಡುವೆ ತಾಸೆಯ ಪೆಟ್ಟು ಬಿದ್ದಾಗ ಅದುವರೆಗೆ ನಿನ್ನೆಯ ಕ್ರಿಕೆಟ್ಟಿನ ಬಗ್ಗೆ ಮಾತಾಡುತ್ತಿದ್ದ ಹುಡುಗನ ಭುಜ ಬೇರೆಯೇ ಆಗುತ್ತದೆ. ಆಮೇಲೆ ಅವನು ಹಲ್ಲಿನಲ್ಲಿ ಕಚ್ಚಿ ಅಕ್ಕಿಮುಡಿಯನ್ನು ಹಿಂದಕ್ಕೆ ಎಸೆಯುತ್ತಾನೆ. ನಾನು ಚಿಕ್ಕವಳಿದ್ದಾಗ ಹೆಣ್ಣುಮಕ್ಕಳು ಹುಲಿ ಹಾಕುತ್ತಿರಲಿಲ್ಲ, ಕಿಟಕಿಯಿಂದ ನೋಡಿ ಹೆದರುವುದಷ್ಟೇ ನಮ್ಮ ಪಾಲಿನ ಕೆಲಸ. ಈಗ ಹಾಕುತ್ತಾರೆ. ಹೆದರಿಸುವ ಸರದಿ ನಮಗೂ ಬಂದಿದೆ.

ಇಲ್ಲಿ ಬಖ್ತಿನ್ ನಿಜ. ಕೂಲಿ ಮಾಡುವವನು ಎರಡು ದಿನ ಊರಿನ ಅತಿ ದೊಡ್ಡ ಮನೆಯ ಅಂಗಳದ ನಡುವೆ ಘರ್ಜಿಸಿ ದುಡ್ಡು ಪಡೆದು ಹೋಗುತ್ತಾನೆ. ಯಾರಿಗೂ ನಷ್ಟವಿಲ್ಲ. ಹುಲಿಗಂತೂ ಮಾನನಷ್ಟವಿಲ್ಲ. ಕಾಡಿನ ಹುಲಿ ಮರುದಿನ ಬಂದು ನನ್ನನ್ನು ಹೀಗೆ ಕುಣಿಸಿದ್ದು ಸರಿಯೇ ಎಂದು ಕೇಳುವುದಿಲ್ಲ.

ಅದೇ ದಿನಗಳಲ್ಲಿ, ಅದೇ ಬೀದಿಗಳಲ್ಲಿ ಇನ್ನೊಂದು ವೇಷ ಬರುತ್ತಿತ್ತು. ಕೊರಗ ವೇಷ. ಬೇರೆ ಜಾತಿಯವರು ಮೈಗೆಲ್ಲ ಕಪ್ಪು ಬಳಿದುಕೊಂಡು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು, ಕೊರಗರ ಭಾಷೆಯೆಂದು ತಾವೇ ಕಲ್ಪಿಸಿಕೊಂಡ ಸದ್ದುಗಳನ್ನು ಮಾಡುತ್ತ, ಬಾಗಿ ಕುಣಿದು ಬೇಡುತ್ತಿದ್ದರು. ಕೊರಗರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳಲ್ಲಿರುವ ಆದಿವಾಸಿ ಸಮುದಾಯ. ಬುಟ್ಟಿ ಹೆಣೆಯುವವರು, ಡೋಲು ಕೊಳಲು ನುಡಿಸುವವರು, ಸ್ವಂತ ಭಾಷೆಯಿರುವವರು. ಸರಕಾರದ ಪಟ್ಟಿಯಲ್ಲಿ 'ವಿಶೇಷವಾಗಿ ದುರ್ಬಲ' ಬುಡಕಟ್ಟು. ಅವರ ಸಂಘಟನೆಗಳು ಈ ವೇಷವನ್ನು ವಿರೋಧಿಸುತ್ತ ಬಂದಿವೆ. ನಾನು ಓಡಾಡಿದ ಊರುಗಳಲ್ಲಿ ಈಗ ಅದು ಕಾಣುವುದು ಅಪರೂಪ. ಆದರೆ ಅದರ ನೆನಪನ್ನು ಹಿರಿಯರು ಹೇಳುವಾಗ ಮುಖದಲ್ಲಿ ಬರುವ ನಗು ಇನ್ನೂ ಬಿಸಿಯಾಗಿಯೇ ಇದೆ.

ನಾನು ಆ ಸಮುದಾಯದವಳಲ್ಲ. ವೇಷಗಳು ಯಾರ ಅಂಗಳಕ್ಕೆ ಬರುತ್ತಿದ್ದವೋ ಆ ಕಡೆಯ ಮನೆಯವಳು. ಇದನ್ನು ಹೇಳದೆ ಮುಂದೆ ಬರೆಯುವುದು ಸರಿಯಲ್ಲ.

ಈ ವೇಷವನ್ನು ಬರೀ ಹೀಯಾಳಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ವೇಷ ಹಾಕಿದವರನ್ನು ಕೇಳಿದರೆ ಹಲವರು ಹರಕೆ ಎನ್ನುತ್ತಾರೆ. ಮಗುವಿಗೆ ಕಾಯಿಲೆಯಾಗಿತ್ತು, ಹೇಳಿಕೊಂಡಿದ್ದೆವು. ಇದು ಸುಳ್ಳಲ್ಲ, ಮತ್ತು ಇಲ್ಲಿಂದಲೇ ವಿಷಯ ಕಠಿಣವಾಗುತ್ತದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಒಂದು ಪದ್ಧತಿಯ ಉಲ್ಲೇಖವಿದೆ: ಹುಟ್ಟಿದ ಮಕ್ಕಳು ಉಳಿಯದ ಮೇಲ್ಜಾತಿಯ ತಾಯಿ ಕೊರಗ ಹೆಂಗಸನ್ನು ಕರೆಸಿ, ಮಗುವನ್ನು ಅವಳ ಮಡಿಲಿಗೆ ಹಾಕಿ, ಅವಳ ಹಾಲು ಕುಡಿಸಿ, ಕೊರಗರ ಹೆಸರನ್ನೇ ಇಡಿಸುವುದು. ಸಾವು ಹುಡುಕಿಕೊಂಡು ಬಂದರೆ ಅದಕ್ಕೆ ಬೇರೆ ಯಾರದೋ ಮಗು ಕಾಣಲಿ ಎಂದು.

ಅಜಲು ಪದ್ಧತಿಯ ಒಳಗಿರುವುದೂ ಇದೇ ಲೆಕ್ಕ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಲು ಕೊಡುವುದು. ಮನೆಯ ಕೇಡು, ರೋಗ ಆ ತುತ್ತಿನೊಂದಿಗೆ ಹೊರಟುಹೋಗುತ್ತದೆಂಬ ನಂಬಿಕೆ. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯ ಇಬ್ಬನಿಯಲ್ಲಿ ಅವರನ್ನು ಕೂರಿಸುವುದು, ಅದಕ್ಕೆ ತುಳುವಿನಲ್ಲಿ 'ಪನಿಕುಲ್ಲುನಿ' ಎಂಬ ಹೆಸರೇ ಇದೆ. ಬೆಳಿಗ್ಗೆ ಕೋಣಗಳನ್ನು ಇಳಿಸುವ ಮೊದಲು ಅವರನ್ನು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು. ಗದ್ದೆಯಲ್ಲಿ ಕೆಡುಕೇನಾದರೂ ಇದ್ದರೆ ಕೋಣಕ್ಕೆ ತಟ್ಟುವ ಮೊದಲು ಅವರಿಗೆ ತಟ್ಟಲಿ ಎಂಬ ವಿವರಣೆಯನ್ನು ನಾನು ಕೇಳಿದ್ದೇನೆ, ಸ್ವಲ್ಪವೂ ಮುಜುಗರವಿಲ್ಲದೆ ಹೇಳಿದ್ದನ್ನು. 2000ದಲ್ಲಿ ಕರ್ನಾಟಕ ಸರಕಾರ ಅಜಲು ನಿಷೇಧ ಕಾಯಿದೆ ತಂದಾಗ ಈ ಎಲ್ಲವನ್ನೂ ಒಂದೊಂದಾಗಿ ಬರೆಯಬೇಕಾಯಿತು: ಅನ್ನಕ್ಕೆ ಕೂದಲು ಉಗುರು ಬೆರೆಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು. ಕಾನೂನಿನ ಒಣಭಾಷೆಯಲ್ಲಿ ಆ ಸಾಲುಗಳನ್ನು ಓದುವಾಗ ಆಗುವ ತಳಮಳ ಯಾವ ಕಥೆ ಓದಿದಾಗಲೂ ನನಗೆ ಆಗಿಲ್ಲ.

ಈಗ ಹರಕೆಯ ವೇಷವನ್ನು ಮತ್ತೊಮ್ಮೆ ನೋಡಿ. ಕೇಡೆಲ್ಲ ಹೋಗಿ ಸೇರುವ ದೇಹ ಯಾವುದೋ ಆ ದೇಹವನ್ನು ಒಂದು ದಿನ ತೊಟ್ಟರೆ ನನ್ನ ಮಗುವಿನ ಕೇಡು ದಾರಿ ತಪ್ಪುತ್ತದೆ. ಭಕ್ತಿ ನಿಜ, ತಾಯಿಯ ಕಳವಳ ನಿಜ. ಆದರೆ ಕೊರಗರ ದೇಹವೇ ಕೇಡಿನ ವಿಳಾಸ ಎಂಬ ನಂಬಿಕೆ ಇಲ್ಲದೆ ಈ ಹರಕೆ ಫಲಿಸುವುದಿಲ್ಲ. ವೇಷಧಾರಿ ಸಂಜೆ ಸ್ನಾನ ಮಾಡಿ ಕಪ್ಪು ತೊಳೆದುಕೊಳ್ಳುತ್ತಾನೆ. ಕೇಡು ಮಾತ್ರ ವಿಳಾಸ ಬದಲಿಸುವುದಿಲ್ಲ.

ಕಾರ್ನಿವಲ್ಲಿನ ತವರಿನಲ್ಲೂ ಹೀಗೊಂದು ಓಟವಿತ್ತು. ಇಂದಿನ ರೋಮಿಗೆ ಹೋದವರೆಲ್ಲ ನಡೆದಾಡುವ ಅಂಗಡಿಬೀದಿ ವಿಯಾ ದೆಲ್ ಕೋರ್ಸೊ. ಕೋರ್ಸೊ ಎಂದರೆ ಓಟ. 1466ರಲ್ಲಿ ಪೋಪ್ ಎರಡನೇ ಪಾಲ್ ಕಾರ್ನಿವಲ್ಲಿನ ಓಟದ ಸ್ಪರ್ಧೆಗಳನ್ನು ಈ ಬೀದಿಗೆ ತಂದ. ಬೀದಿಗೆ ಹೆಸರು ಬಂದದ್ದೇ ಅದರಿಂದ. ಕುದುರೆಗಳು ಓಡಿದವು, ಕತ್ತೆಗಳು ಓಡಿದವು, ಎಮ್ಮೆಕೋಣಗಳು ಓಡಿದವು. ಯಹೂದಿಗಳನ್ನೂ ಓಡಿಸಿದರು. ಎರಡೂ ಬದಿಯಲ್ಲಿ ವೇಷ ತೊಟ್ಟ ಜನ ನಿಂತು ಕೂಗುತ್ತಿದ್ದರು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಸುಮಾರು ಎರಡು ಶತಮಾನ ಇದು ನಡೆಯಿತು. 1668ರಲ್ಲಿ ಪೋಪ್ ಒಂಬತ್ತನೇ ಕ್ಲೆಮೆಂಟ್ ನಿಲ್ಲಿಸಿದ, ಬದಲಿಗೆ ಯಹೂದಿ ಸಮುದಾಯ ಪ್ರತಿವರ್ಷ ಹಣ ಕಟ್ಟಬೇಕು ಎಂದ. ಓಡುವುದು ತಪ್ಪಿತು, ಉತ್ಸವದ ಖರ್ಚು ತಪ್ಪಲಿಲ್ಲ.

ಗಯಟೆ 1788ರಲ್ಲಿ ರೋಮಿನ ಕಾರ್ನಿವಲ್ ನೋಡಿ ಅದ್ಭುತವಾಗಿ ಬರೆದಿದ್ದಾನೆ. ಇದು ಸರಕಾರ ಜನರಿಗೆ ಕೊಡುವ ಹಬ್ಬವಲ್ಲ, ಜನ ತಮಗೆ ತಾವೇ ಕೊಟ್ಟುಕೊಳ್ಳುವ ಹಬ್ಬ ಎಂಬುದು ಅವನ ಮುಖ್ಯ ಮಾತು. ಕೊನೆಯ ರಾತ್ರಿ ಎಲ್ಲರ ಕೈಯಲ್ಲೂ ಮೇಣದಬತ್ತಿ. ಒಬ್ಬರ ಬತ್ತಿಯನ್ನು ಇನ್ನೊಬ್ಬರು ಊದಿ ಆರಿಸುತ್ತ, ಬತ್ತಿಯಿಲ್ಲದವರಿಗೆ ಸಾವು ಬರಲಿ ಎಂದು ಕೂಗುವುದು. ಪುಟ್ಟ ಹುಡುಗನೊಬ್ಬ ಅಪ್ಪನ ಬತ್ತಿಯನ್ನು ಆರಿಸಿ ಅಪ್ಪನಿಗೇ ಸಾವು ಕೋರುತ್ತಾನೆ, ಅಪ್ಪ ಬೈದರೂ ಬಿಡುವುದಿಲ್ಲ. ಬಖ್ತಿನ್‌ಗೆ ಈ ಚಿತ್ರ ಪ್ರಾಣ. ಶಾಪವೇ ಹರಕೆಯಾಗುವ ಕ್ಷಣ ಅದು. ನನಗೂ ಇಷ್ಟ. ಆದರೆ ಗಯಟೆ ಕೋರ್ಸೊಗೆ ಬರುವ ಹೊತ್ತಿಗೆ ಯಹೂದಿಗಳ ಓಟ ನಿಂತು 120 ವರ್ಷವಾಗಿತ್ತು. ಅವನು ಕಂಡದ್ದು ಸವಾರರಿಲ್ಲದೆ ಓಡುವ ಕುದುರೆಗಳನ್ನು. ಬೀದಿಯ ಹೆಸರು ಮಾತ್ರ ಹಳೆಯದೇ.

ರಂಗಮಂಚವಿಲ್ಲ, ಪ್ರೇಕ್ಷಕರಿಲ್ಲ ಎಂಬ ಮಾತನ್ನು ಈ ಎರಡು ಓಟಗಳ ಮುಂದೆ ಇಟ್ಟು ನೋಡಿ. ಕೋರ್ಸೊದಲ್ಲಿ ಓಡುತ್ತಿದ್ದವರು ನಗುತ್ತಿರಲಿಲ್ಲ. ಕಂಬಳದ ಗದ್ದೆಯಲ್ಲೂ ಇಲ್ಲ. ಅಲ್ಲೊಂದು ಗೆರೆಯಿದೆ, ಗೆರೆಯ ಆಚೆ ಇರುವವರಿಗೆ ವೇಷದ ಸ್ವಾತಂತ್ರ್ಯವಿಲ್ಲ, ತಮ್ಮ ಮೈಯೇ ವೇಷವಾಗುವ ಶಿಕ್ಷೆಯಿದೆ. ಹಾಗಾದರೆ ಅದು ಕಾರ್ನಿವಲ್ಲೇ ಅಲ್ಲ ಎಂದು ಬಖ್ತಿನ್ ಭಕ್ತರು ಹೇಳಬಹುದು. ವ್ಯಾಖ್ಯೆಯಿಂದ ಕೊಳೆಯನ್ನು ಹೊರಗೆ ಗುಡಿಸಿದರೆ ವ್ಯಾಖ್ಯೆ ಚೊಕ್ಕವಾಗುತ್ತದೆ, ಬೀದಿ ಆಗುವುದಿಲ್ಲ.

ಇನ್ನೊಂದು ಪಕ್ಷದವರಿದ್ದಾರೆ. ಕಾರ್ನಿವಲ್ ಎಂಬುದು ಕುಕ್ಕರಿನ ಸೀಟಿ ಮಾತ್ರ, ಒಂದು ದಿನ ಉಗಿ ಬಿಟ್ಟು ವರ್ಷವಿಡೀ ಮುಚ್ಚಳ ಭದ್ರವಾಗಿರುತ್ತದೆ ಎನ್ನುವವರು. ಅದೂ ಪೂರ್ತಿ ನಿಜವಲ್ಲ. ಫ್ರಾನ್ಸಿನ ರೋಮಾನ್ಸ್ ಎಂಬ ಸಣ್ಣ ಊರಿನಲ್ಲಿ 1580ರ ಕಾರ್ನಿವಲ್ ಹೊತ್ತಿಗೆ ತೆರಿಗೆಯಿಂದ ಬೇಸತ್ತ ಕುಶಲಕರ್ಮಿಗಳು ವೇಷ ತೊಟ್ಟು, ಕುಣಿಯುತ್ತ, ಊರಿನ ಶ್ರೀಮಂತರಿಗೆ ಎಚ್ಚರಿಕೆ ಕೊಟ್ಟರು. ಅವರ ನಾಯಕ ಪೋಮಿಯೇ ಕರಡಿಯ ಚರ್ಮ ಹೊದ್ದು ಬಂದಿದ್ದ. ಶ್ರೀಮಂತರೂ ತಮ್ಮದೇ ವೇಷಗಳ ಮೆರವಣಿಗೆ ಹೊರಡಿಸಿದರು. ಹಬ್ಬ ಮುಗಿಯುವ ಮೊದಲೇ ಪೋಮಿಯೇ ಮತ್ತು ಅವನ ಕಡೆಯವರ ಕೊಲೆಯಾಯಿತು. ಇತಿಹಾಸಕಾರ ಲ ರ್ವಾ ಲಾದ್ಯುರಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ. ವೇಷ ಕೆಳಗಿನವರಿಗೆ ಬಾಯಿ ಕೊಟ್ಟಿತು. ಮೇಲಿನವರಿಗೆ ಕೈ ಕೊಟ್ಟಿತು.

ಎಡ್ಗರ್ ಅಲನ್ ಪೋ 1846ರಲ್ಲಿ ಬರೆದ 'ದ ಕ್ಯಾಸ್ಕ್ ಆಫ್ ಅಮಾಂಟಿಯಾಡೊ' ಕಥೆ ನಡೆಯುವುದೂ ಕಾರ್ನಿವಲ್ಲಿನ ಸಂಜೆ. ಮಾಂಟ್ರೆಸರ್ ಕಪ್ಪು ಮುಖವಾಡ ತೊಟ್ಟಿದ್ದಾನೆ. ಫಾರ್ಚುನಾಟೊ ಕೋಡಂಗಿಯ ವೇಷದಲ್ಲಿ, ತಲೆಯ ಮೇಲೆ ಗೆಜ್ಜೆಯ ಟೊಪ್ಪಿಗೆ. ಮದ್ಯದ ಆಸೆ ತೋರಿಸಿ ಅವನನ್ನು ನೆಲಮಾಳಿಗೆಗೆ ಕರೆದೊಯ್ದು, ಗೋಡೆಗೆ ಸರಪಳಿ ಬಿಗಿದು, ಎದುರಿಗೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುತ್ತಾನೆ. ನನಗೆ ಮರೆಯಲಾಗದ್ದು ಗೋಡೆ ಇನ್ನೇನು ಮುಗಿಯುತ್ತದೆ ಎನ್ನುವಾಗ ಫಾರ್ಚುನಾಟೊ ನಗುವುದು. ಒಳ್ಳೇ ತಮಾಷೆ, ಮನೆಗೆ ಹೋಗಿ ಎಲ್ಲರಿಗೂ ಹೇಳಿ ನಗೋಣ ಎಂಬರ್ಥದ ಮಾತಾಡುತ್ತಾನೆ. ತಮಾಷೆ ಎಂದು ಇಬ್ಬರೂ ಒಪ್ಪಿಬಿಟ್ಟರೆ ತಾನು ಬದುಕುತ್ತೇನೆ ಎಂಬ ಕೊನೆಯ ಆಸೆ ಅದು. ಆದರೆ ಇದು ತಮಾಷೆಯೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಗೋಡೆಯ ಒಳಗಿನವನಿಗಿಲ್ಲ, ಕರಣೆ ಹಿಡಿದವನಿಗಿದೆ. 'ತಮಾಷೆಗೆ ಮಾಡಿದ್ದಪ್ಪ' ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಕರಣೆ ಕಾಣುತ್ತದೆ.

ಒಂದು ಊರಿನಲ್ಲಿ ವೇಷಗಳ ಮೆರವಣಿಗೆಗೆ ಓಡಾಡುವ ಹಿರಿಯರೊಬ್ಬರು ನನ್ನ ಜೊತೆ ವಾದಕ್ಕೇ ಕೂತರು. "ಅಲ್ಲ ಮಗಾ, ಆಟದಲ್ಲಿ ಭಟ್ರನ್ನು ತಮಾಷೆ ಮಾಡುದಿಲ್ವಾ? ಹೊಟ್ಟೆ ಕಟ್ಟಿ ಜನಿವಾರ ಎಳೆದು ಕುಣಿಯುದಿಲ್ವಾ? ಭಟ್ರು ಕೇಸು ಹಾಕಿದ್ದಾರಾ?" ಇದು ಒಳ್ಳೆಯ ಪ್ರಶ್ನೆ. ಹಾಸ್ಯಗಾರನಿಲ್ಲದ ಯಕ್ಷಗಾನ ನನಗೆ ಬೇಡ, ಎಲ್ಲರ ಮನಸ್ಸಿಗೂ ನೋವಾಗದಂತೆ ತೊಳೆದಿಟ್ಟ ನಗುವಿನಲ್ಲಿ ನನಗೆ ನಂಬಿಕೆಯೂ ಇಲ್ಲ. ಆದರೆ ಭಟ್ಟರು ಆ ರಾತ್ರಿ ಎಲ್ಲಿರುತ್ತಾರೆ? ಮುಂದಿನ ಸಾಲಿನ ಕುರ್ಚಿಯಲ್ಲಿ. ಎಷ್ಟೋ ಸಲ ಆ ಹರಕೆಯಾಟ ಆಡಿಸುವವರೇ ಅವರು. ನಗು ಅತಿಯಾಯಿತು ಅನಿಸಿದರೆ ಚೌಕಿಗೆ ಹೋಗಿ ಒಂದು ಮಾತು ಹೇಳಬಲ್ಲರು. ಹೇಳಬಲ್ಲೆ ಎಂಬುದು ಗೊತ್ತಿರುವುದರಿಂದಲೇ ನಗಬಲ್ಲರು. ಕೊರಗ ವೇಷ ಅಂಗಳದಲ್ಲಿ ಕುಣಿಯುವಾಗ ಕೊರಗರು ಎಲ್ಲಿದ್ದರು? ಅಂಗಳದ ಹೊರಗೆ. ಬೇಡ ಎನ್ನಲು ಚೌಕಿಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಅದೇ ಹಾಸ್ಯಗಾರರ ಬತ್ತಳಿಕೆಯಲ್ಲಿ ಕೆಳಜಾತಿಗಳ ಮಾತಿನ ಅಣಕವೂ ಇತ್ತು ಎಂದು ನಾನು ನೆನಪಿಸಿದೆ. "ಅದೆಲ್ಲ ಈಗ ಕಮ್ಮಿಯಾಗಿದೆ" ಎಂದರು. ಯಾಕೆ ಕಮ್ಮಿಯಾಯಿತು ಎಂದು ಕೇಳಿದ್ದಕ್ಕೆ ಎಲೆಯಡಿಕೆಯ ತಟ್ಟೆ ನನ್ನ ಕಡೆ ತಳ್ಳಿದರು.

ವೇಷದ ಮಾತಿಗೆ ಹೊಣೆಯಿಲ್ಲ ಎಂಬುದು ನಮ್ಮ ನೆಲದ ನಂಬಿಕೆ ಕೂಡ ಅಲ್ಲ. ಭೂತಕೋಲದಲ್ಲಿ ನಡೆಯುವುದು ಅದರ ತದ್ವಿರುದ್ಧ. ಅಲ್ಲಿ ವೇಷ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಲೋಹದ ಮೊಗ ಏರಿದ ಮೇಲೆ ಅವರು ಕೊಡುವ ನುಡಿ, ಬರಿಮುಖದಲ್ಲಿ ಆಡಿದ ಮಾತಿಗಿಂತ ಗಟ್ಟಿ. ಗುತ್ತಿನ ಯಜಮಾನ ಕೈ ಮುಗಿದು ನಿಂತು ಬೈಸಿಕೊಳ್ಳುತ್ತಾನೆ. ಆಸ್ತಿಯ ಜಗಳಕ್ಕೆ ಅಲ್ಲಿ ಸಿಕ್ಕಿದ ತೀರ್ಮಾನವನ್ನು ಮರುದಿನ ಅಲ್ಲಗಳೆಯಲು ಹೆದರುತ್ತಾನೆ. ವೇಷದಲ್ಲಿದ್ದೆ, ಲೆಕ್ಕಕ್ಕಿಲ್ಲ ಎಂದು ದೈವ ಹೇಳುವುದಿಲ್ಲ. 'ಕಾಂತಾರ' ಸಿನಿಮಾ 2022ರಲ್ಲಿ ಈ ಲೋಕವನ್ನು ದೇಶಕ್ಕೆಲ್ಲ ತೋರಿಸಿತು. ಬೆಳಗಾದ ಮೇಲೆ ಮೊಗ ಇಳಿಸಿದ ಮನುಷ್ಯ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಾನೆ ಎಂಬುದು ಹೆಚ್ಚು ಜನ ಕೇಳದ ಪ್ರಶ್ನೆ.

ಕೊರಗಜ್ಜನ ವಿಷಯವನ್ನು ಬಿಟ್ಟು ಇದನ್ನು ಬರೆಯಲಾಗದು. ಕೊರಗ ತನಿಯ ಎಂಬ ಹುಡುಗ ದೇವಸ್ಥಾನಕ್ಕೆ ಹೊರೆ ಹೊತ್ತು ಹೋದ, ಒಳಗೆ ಬಿಡಲಿಲ್ಲ, ಅಲ್ಲಿದ್ದ ಮಾದಳದ ಹಣ್ಣು ಕೀಳಲು ಹತ್ತಿದವನು ಮಾಯವಾಗಿ ದೈವವಾದ ಎಂದು ಪಾಡ್ದನ ಹೇಳುತ್ತದೆ. ಈಗ ಜಾತಿಮತ ನೋಡದೆ ಎಲ್ಲರೂ ಅವನಿಗೆ ಹೇಳಿಕೊಳ್ಳುತ್ತಾರೆ. ಕಳೆದುಹೋದ ಚಿನ್ನ ಸಿಗಲಿ, ಪರೀಕ್ಷೆ ಪಾಸಾಗಲಿ ಎಂದು ಚಕ್ಕುಲಿ, ಬೀಡ, ಕಳ್ಳು ಇಡುತ್ತಾರೆ. ಒಂದೇ ಮನೆಯಲ್ಲಿ ಕೊರಗಜ್ಜನಿಗೆ ಹರಕೆ, ಕೊರಗರಿಗೆ ಅಂಗಳದ ಹೊರಗಿನ ಅನ್ನ. ಇದನ್ನು ಬೂಟಾಟಿಕೆ ಎಂದು ಕರೆದು ಮುಗಿಸಲು ನನಗೆ ಮನಸ್ಸಿಲ್ಲ, ಯಾಕೆಂದರೆ ಆ ಮನೆಯವರು ಎರಡನ್ನೂ ಮನಸಾರೆ ಮಾಡುತ್ತಾರೆ. ಸತ್ತವನು ಅಥವಾ ಮಾಯವಾದವನು ಮೈಗೆ ತಾಗುವುದಿಲ್ಲ, ಅಷ್ಟೇ.

ಹಾಗಾದರೆ ಬೇರೆಯವರು ಕಿತ್ತುಕೊಂಡ ವೇಷವನ್ನು ಅದರ ಮೈಯವರು ಮರಳಿ ಪಡೆಯುವುದುಂಟೇ? ಉಂಟು. ಟ್ರಿನಿಡಾಡಿನಲ್ಲಿ ಗುಲಾಮಗಿರಿ ಇದ್ದ ಕಾಲಕ್ಕೆ ಕಾರ್ನಿವಲ್ ಫ್ರೆಂಚ್ ಪ್ಲಾಂಟರುಗಳ ಮನೆಯ ಹಬ್ಬವಾಗಿತ್ತು. ಅವರಿಗೆ ಮೆಚ್ಚಿನ ವೇಷಗಳಲ್ಲೊಂದು 'ನೆಗ್ ಜಾರ್ದ್ಯಾಂ', ಹೊಲದಲ್ಲಿ ದುಡಿಯುವ ಗುಲಾಮ. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಗುಲಾಮರನ್ನು ಚಾಟಿ, ಪಂಜುಗಳೊಡನೆ ಓಡಿಸುತ್ತಿದ್ದುದನ್ನೂ ಒಡೆಯರೇ ಅಣಕವಾಡಿ ಮಜಾ ಮಾಡುತ್ತಿದ್ದರು. 1834ರಲ್ಲಿ ಗುಲಾಮಗಿರಿ ರದ್ದಾಗಿ, 1838ರಲ್ಲಿ ಪೂರ್ತಿ ಬಿಡುಗಡೆಯಾದ ಮೇಲೆ ಬಿಡುಗಡೆಗೊಂಡವರು ಬೀದಿಗಿಳಿದು ಅದೇ ವೇಷವನ್ನು ತಾವೇ ಹಾಕಿದರು, ಅದೇ ಪಂಜಿನ ಮೆರವಣಿಗೆಯನ್ನು ತಾವೇ ಹೊರಡಿಸಿದರು. ಕಾನ್‌ಬುಲೇ ಎಂದು ಅದರ ಹೆಸರು. ಒಡೆಯರು ಆಡುತ್ತಿದ್ದಾಗ ಮೋಜಾಗಿದ್ದದ್ದು ಇವರು ಆಡಿದಾಗ ಶಾಂತಿಭಂಗವಾಯಿತು. 1881ರಲ್ಲ��� ಪೊಲೀಸರು ನಿಲ್ಲಿಸಲು ಬಂದರು, ಪೋರ್ಟ್ ಆಫ್ ಸ್ಪೇನಿನ ಬೀದಿಯಲ್ಲಿ ಹೊಡೆದಾಟವೇ ಆಯಿತು. ಇಂದು ಜಗತ್ತು ನೋಡಲು ಹೋಗುವ ಟ್ರಿನಿಡಾಡ್ ಕಾರ್ನಿವಲ್ಲಿನ ಬೇರಿನಲ್ಲಿ ಆ ಪಂಜಿನ ಹೊಗೆಯಿದೆ.

ನಮ್ಮಲ್ಲಿ ಡೋಲಿನ ಸುತ್ತ ಇಂಥದೇ ಚರ್ಚೆ ನಡೆಯುತ್ತಿದೆ. ಡೋಲು ಕೊರಗರ ಕಲೆಯೋ ಅಜಲಿನ ಗುರುತೋ ಎಂಬುದರಲ್ಲಿ ಸಮುದಾಯದೊಳಗೇ ಒಮ್ಮತವಿಲ್ಲ. ಮುಟ್ಟುವುದೇ ಇಲ್ಲ ಎನ್ನುವವರಿದ್ದಾರೆ, ಅದು ನಮ್ಮದು, ಯಾಕೆ ಬಿಡಬೇಕು ಎನ್ನುವವರೂ ಇದ್ದಾರೆ. ಹೊರಗಿನವಳಾಗಿ ಯಾವ ಕಡೆ ಸರಿ ಎನ್ನುವುದು ನನ್ನ ಕೆಲಸವಲ್ಲ. ನನಗೆ ಪರಿಚಯವಾದ ಒಬ್ಬ ತರುಣ ತಮ್ಮವರ ಕಾರ್ಯಕ್ರಮಗಳಲ್ಲಿ ಡೋಲು ಬಾರಿಸುತ್ತಾನೆ, ಕಂಬಳಕ್ಕೆ ಕರೆದರೆ ಹೋಗುವುದಿಲ್ಲ. ವ್ಯತ್ಯಾಸವೇನು ಎಂದೆ. "ಅಲ್ಲಿ ಹೋಗದಿದ್ದರೆ ಅಜ್ಜನಿಗೆ ಪೆಟ್ಟು ಬೀಳ್ತಿತ್ತು ಅಕ್ಕಾ. ಇಲ್ಲಿ ಹೋಗದಿದ್ದರೆ ಫೋನು ಬರ್ತದೆ ಅಷ್ಟೇ" ಎಂದ. ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು; ಅವನ ಮನೆಮಾತು ನನಗೆ ಬಾರದು, ನನ್ನದು ಅವನಿಗೆ ಚೆನ್ನಾಗಿ ಬರುತ್ತದೆ.

ಅವನಿಗೆ ಟ್ರಿನಿಡಾಡಿನ ಕಥೆ ಹೇಳಿದೆ. ಪಂಜಿನ ಮೆರವಣಿಗೆಯವರೆಗೂ ಡೋಲಿನ ಚರ್ಮವನ್ನು ಬೆರಳಿನಲ್ಲಿ ತಟ್ಟುತ್ತ ಕೇಳಿದ. ನೀವೇ ಕೊರಗ ವೇಷ ಹಾಕಿ ಮಾರ್ನೆಮಿಗೆ ಹೊರಟರೆ ಹೇಗೆ ಎಂದು ಕೇಳಿದೆ. ತುಂಬ ಹೊತ್ತು ನಕ್ಕ.

"ನಮ್ಮ ವೇಷ ನಾವು ಯಾಕೆ ಹಾಕುದು ಅಕ್ಕಾ? ಹಾಕುದಾದರೆ ನಿಮ್ಮ ವೇಷ ಹಾಕ್ತೇವೆ. ತಲೆಗೆ ಮುಂಡಾಸು, ಹೆಗಲಿಗೆ ಶಾಲು, ಬೆರಳಿಗೆ ನಾಲ್ಕು ಉಂಗುರ, ಕೈಯಲ್ಲಿ ಬೆತ್ತ. ನಿಮ್ಮ ಅಂಗಳಕ್ಕೆ ಬಂದು ಕುಣಿತೇವೆ. ನಗ್ತೀರಾ?"

ನಗುತ್ತೇನೆ ಎಂದೆ.

"ನೀವಲ್ಲ, ನಿಮ್ಮ ಮನೆಯವರು."